ಗೋಬರ್ ಗ್ಯಾಸ್ ಎಷ್ಟು ಸೋರುತ್ತಿದೆ? ಮೀಟರ್ ಕೊಳ್ಳುವ ಮುಂಚೆ ತೊಟ್ಟಿಗೊಂದು ಗೆರೆ ಎಳೆಯಿರಿ

ಪ್ರಶ್ನೆ: ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಎರೆ ಹೊಲದಲ್ಲೇ ಮನೆ, ಕೊಟ್ಟಿಗೆ. 18 ಮಿಶ್ರತಳಿ ಆಕಳುಗಳಿವೆ. ಮೂರು ವರ್ಷದ ಹಿಂದೆ ದಿನಕ್ಕೆ 10 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿ ಗೋಬರ್ ಗ್ಯಾಸ್ ಕಟ್ಟಿಸಿದೆವು. ಸ್ಲರಿ ಹೊರಬರುವ ತೊಟ್ಟಿ ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಕೊಟ್ಟಿಗೆ ತೊಳೆದ ನೀರೂ ಸಗಣಿ ಜೊತೆ ಒಳಗೇ ಹೋಗುತ್ತದೆ. ಮನೆಯಲ್ಲಿ ಆರು ಮಂದಿ. ಅಡುಗೆ, ನೀರು ಕಾಯಿಸುವುದು ಎಲ್ಲ ಅದರಲ್ಲೇ. ಈ ಬೇಸಿಗೆಯಿಂದ ಸಂಜೆ ಹೊತ್ತಿಗೆ ಉರಿ ಸೋಲುತ್ತಿದೆ. ಮೊನ್ನೆ ಒಬ್ಬ ಸೇಲ್ಸ್‌ನವರು ಬಂದು ಸ್ಲರಿ ತೊಟ್ಟಿಯ ಹತ್ತಿರ ಕೈ ಮೀಟರ್ ಹಿಡಿದರು. 780 ಪಿಪಿಎಂ ತೋರಿಸಿತು. ‘ಮೀಥೇನ್ ಸೋರುತ್ತಿದೆ, ಈ ಮೀಟರ್ ಇಟ್ಟುಕೊಂಡರೆ ಕಾರ್ಬನ್ ಕ್ರೆಡಿಟ್ (ಭೂಮಿ ಬಿಸಿ ಮಾಡುವ ಗ್ಯಾಸ್ ತಗ್ಗಿಸಿದ್ದಕ್ಕೆ ಸಿಗುವ) ದುಡ್ಡೂ ಬರುತ್ತದೆ’ ಎಂದರು. ಹುಬ್ಬಳ್ಳಿಯಲ್ಲಿ ಓದುತ್ತಿರುವ ಮಗ ‘ಸೋರುವ ಗೋಬರ್ ಗ್ಯಾಸ್‌ಗಿಂತ ತಿಪ್ಪೆನೇ ವಾಸಿ’ ಅನ್ನುತ್ತಾನೆ. ಎಷ್ಟು ಸೋರುತ್ತಿದೆ ಎಂದು ತಿಳಿಯುವುದು ಹೇಗೆ? ಮೀಟರ್ ಬೇಕೇ?

ಉತ್ತರ: ಮೀಟರ್ ಸದ್ಯಕ್ಕೆ ಬೇಡ. ಮಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 780ರ ವಿಷಯ ಮುಗಿಸೋಣ.

ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಮೀಥೇನ್ (ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಅಂಶ) ಇದೆ ಎಂಬ ಲೆಕ್ಕ. ಬಯಲಿನ ಗಾಳಿಯಲ್ಲೇ ಸುಮಾರು 1.9 ಪಿಪಿಎಂ ಇರುತ್ತದೆ. ತೊಟ್ಟಿಯ ಹತ್ತಿರ 780 ಬಂತು ಎಂದರೆ ಅಲ್ಲಿ ಮೀಥೇನ್ ಹೊರಬರುತ್ತಿದೆ, ಅಷ್ಟೇ. ತಾಸಿಗೆ ಎಷ್ಟು ಗ್ರಾಂ ಹೋಗುತ್ತಿದೆ ಎಂದು ಅದು ಹೇಳುವುದಿಲ್ಲ. ಗಾಳಿ ನಿಂತಾಗ ಅದೇ ಜಾಗದಲ್ಲಿ 3,000 ಬರಬಹುದು. ಜೋರು ಗಾಳಿ ಬೀಸಿದರೆ 50ಕ್ಕೆ ಇಳಿಯಬಹುದು. ಸೋರಿಕೆ ಎರಡೂ ಸಲ ಅಷ್ಟೇ ಇರುತ್ತದೆ. ಕಪ್ಪತಗುಡ್ಡದ ಕಡೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವ ಸೀಮೆ ನಮ್ಮದು. ಇಲ್ಲಿ ತೆರೆದ ಜಾಗದಲ್ಲಿ ಮೀಟರ್ ಹಿಡಿದು ‘ಇಷ್ಟು ಸೋರುತ್ತಿದೆ’ ಎನ್ನುವುದು ಸುಮ್ನೆ ಮಾತು.

ಇನ್ನೊಂದು ವಿಷಯ. ಅಗ್ಗದ ಕೈ ಮೀಟರ್‌ಗಳಲ್ಲಿ ಎರಡು ಬಗೆಯ ಸೆನ್ಸರ್ ಜಾಸ್ತಿ. ಒಂದು ಎಂಕ್ಯೂ-4 ಥರದ ಸೆಮಿಕಂಡಕ್ಟರ್. ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಬಳಸುತ್ತಾರಲ್ಲ, ಅದೇ. ನೂರಾರು ಪಿಪಿಎಂ ದಾಟಿದ ಮೇಲೆ ಅದು ಎಚ್ಚರಗೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೂ ಅಂಕಿ ಕುಣಿಯುತ್ತದೆ. ಇನ್ನೊಂದು ಗ್ಯಾಸನ್ನು ಒಳಗೇ ಸಣ್ಣದಾಗಿ ಸುಟ್ಟು ಅಳೆಯುವ ಸೆನ್ಸರ್. ಅದಕ್ಕೆ ಆಮ್ಲಜನಕ ಬೇಕು. ನೇರವಾಗಿ ಗ್ಯಾಸ್ ಪೈಪಿನ ಬಾಯಿಗೆ ಹಿಡಿದರೆ ಆಮ್ಲಜನಕ ಸಿಗದೆ ಸೊನ್ನೆ ತೋರಿಸಿಬಿಡಬಹುದು! ಗೋಬರ್ ಗ್ಯಾಸ್‌ನಲ್ಲಿರುವ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್, ಈ ಸೆನ್ಸರನ್ನು ಮಂಕು ಮಾಡುತ್ತದೆ. ವರ್ಷ ಕಳೆದ ಮೀಟರ್ ‘ಏನೂ ಇಲ್ಲ’ ಅಂದರೆ ನಂಬುವುದು ಹೇಗೆ?

ಹಾಗಾದರೆ ನಿಜವಾಗಿ ಅಳೆಯುವವರು ಏನು ಮಾಡುತ್ತಾರೆ? ಸೋರುವ ಜಾಗ ಹುಡುಕುವುದು ಒಂದು ಕೆಲಸ, ಸೋರುವ ಪ್ರಮಾಣ ಅಳೆಯುವುದು ಬೇರೆಯೇ ಕೆಲಸ. ಹುಡುಕಲು ಯುರೋಪಿನ ದೊಡ್ಡ ಬಯೋಗ್ಯಾಸ್ ಸ್ಥಾವರಗಳಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಕಣ್ಣಿಗೆ ಕಾಣದ ಮೀಥೇನ್ ಅದರಲ್ಲಿ ಹೊಗೆಯ ಹಾಗೆ ಕಾಣುತ್ತದೆ. ದೂರದಿಂದಲೇ ಲೇಸರ್ ಬಿಟ್ಟು ನೋಡುವ ಕೈ ಸಾಧನವೂ ಇದೆ. ಅಳೆಯುವುದಕ್ಕೆ ಡೆನ್ಮಾರ್ಕ್‌ನವರು ಒಂದು ಚಂದದ ಉಪಾಯ ಬಳಸುತ್ತಾರೆ. ಸ್ಥಾವರದ ಪಕ್ಕದಲ್ಲೇ ಅಸಿಟಿಲೀನ್ ಗ್ಯಾಸನ್ನು ತಾಸಿಗೆ ಇಂತಿಷ್ಟು ಎಂದು ತೂಕ ಮಾಡಿ ಬಿಡುತ್ತಾರೆ. ಗಾಳಿ ಹೋಗುವ ದಿಕ್ಕಿನ ರಸ್ತೆಯಲ್ಲಿ ವಾಹನ ಓಡಿಸುತ್ತಾ ಎರಡೂ ಗ್ಯಾಸ್ ಅಳೆಯುತ್ತಾರೆ. ಗಾಳಿ ಎರಡನ್ನೂ ಒಂದೇ ರೀತಿ ಚದುರಿಸಿರುತ್ತದೆ. ಅಸಿಟಿಲೀನ್ ಎಷ್ಟು ಬಿಟ್ಟೆವು ಎಂದು ಗೊತ್ತು. ಅದರ ಅನುಪಾತದಿಂದ ಮೀಥೇನ್ ಎಷ್ಟು ಹೊರಟಿದೆ ಎಂದು ಸಿಕ್ಕಿತು. ಹೀಗೆ ಅಲ್ಲಿ 23 ಸ್ಥಾವರ ಅಳೆದಾಗ, ಹುಟ್ಟಿದ ಮೀಥೇನ್‌ನಲ್ಲಿ 0.4ರಿಂದ 14.9 ಶೇಕಡದವರೆಗೆ ನಷ್ಟ ಕಂಡಿತು. ಸರಾಸರಿ 4.6. ಚರಂಡಿ ನೀರು ಶುದ್ಧೀಕರಿಸುವ ಕಡೆ ಜಾಸ್ತಿ, ಕೃಷಿ ಸ್ಥಾವರಗಳಲ್ಲಿ ಸರಾಸರಿ 2.4. ನನಗೆ ಸರಾಸರಿಗಿಂತ ಮುಖ್ಯವಾಗಿ ಕಾಣುವುದು 0.4ಕ್ಕೂ 14.9ಕ್ಕೂ ಇರುವ ಅಂತರ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ತಂತ್ರ, ಆದರೂ ಇಷ್ಟು ವ್ಯತ್ಯಾಸ. ಕಟ್ಟಿದ ರೀತಿ, ನೋಡಿಕೊಳ್ಳುವ ರೀತಿ ಮೇಲೆಯೇ ಎಲ್ಲ ನಿಂತಿದೆ.

ಈ ಸಾಧನಗಳು ನಿಮಗೆ ಬೇಕಿಲ್ಲ. ಉಪಗ್ರಹದಿಂದ ನೋಡುವ ಮಾತೂ ಕೇಳಿರುತ್ತೀರಿ. ದೊಡ್ಡ ಕಸದ ಗುಡ್ಡ, ಕಲ್ಲಿದ್ದಲು ಗಣಿಯಂಥ ಕಡೆಯಿಂದ ತಾಸಿಗೆ ನೂರಾರು ಕೆಜಿ ಹೊರಟರೆ ಅದಕ್ಕೆ ಕಾಣುತ್ತದೆ. ನಿಮ್ಮ ಹಿತ್ತಲಿನ ಗುಮ್ಮಟ ಕಾಣುವುದಿಲ್ಲ.

ನಿಮಗೆ ಬೇಕಾದದ್ದು ಲೆಕ್ಕ. ಒಂದು ಮಿಶ್ರತಳಿ ಆಕಳಿಗೆ ದಿನಕ್ಕೆ 15 ಕೆಜಿ ಸಗಣಿ ಹಿಡಿಯಿರಿ. 18ಕ್ಕೆ 270 ಕೆಜಿ. ಸುಮಾರು 25 ಕೆಜಿ ಸಗಣಿಗೆ ಒಂದು ಘನ ಮೀಟರ್ ಗ್ಯಾಸ್. ಅಂದರೆ ದಿನಕ್ಕೆ ಹತ್ತು ಘನ ಮೀಟರ್ ಹುಟ್ಟಬೇಕು. ಈಗ ಖರ್ಚು ನೋಡಿ. ಅಡುಗೆಗೆ ಒಬ್ಬರಿಗೆ ದಿನಕ್ಕೆ ಕಾಲು ಘನ ಮೀಟರ್ ಸಾಕು. ಆರು ಮಂದಿಗೆ ಒಂದೂವರೆ. ನೀರು ಕಾಯಿಸಲು ಇನ್ನೊಂದು ಹಿಡಿದರೂ ಎರಡೂವರೆ. ಹತ್ತು ಹುಟ್ಟಬೇಕು, ಎರಡೂವರೆ ಉರಿಸುತ್ತೀರಿ, ಆದರೂ ಸಂಜೆಗೆ ಉರಿ ಸೋಲುತ್ತದೆ! ಮುಕ್ಕಾಲು ಪಾಲು ಗ್ಯಾಸ್ ಒಂದೋ ಎಲ್ಲೋ ಹೋಗುತ್ತಿದೆ, ಇಲ್ಲವೇ ಗುಮ್ಮಟದೊಳಗೆ ಹುಟ್ಟುತ್ತಲೇ ಇಲ್ಲ. ಯಾವ ಮೀಟರ್ ಇಲ್ಲದೆಯೇ ಇಷ್ಟು ಗೊತ್ತಾಯಿತು.

(ಮುಂದೆ ಹೋಗುವ ಮೊದಲು ಒಲೆಯ ಉರಿ ಗಮನಿಸಿ. ಉರಿ ತಗ್ಗುವುದರ ಜೊತೆ ಲುಕುಲುಕು ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ. ತಗ್ಗಿನಲ್ಲಿರುವ ನೀರಿನ ಕಾಕ್ ತೆಗೆದು ಬಸಿಯಿರಿ. ಎಷ್ಟೋ ದೂರು ಅಲ್ಲಿಗೇ ಮುಗಿಯುತ್ತವೆ.)

ಗ್ಯಾಸ್ ಸೋರುತ್ತಿದೆಯೋ, ಹುಟ್ಟುತ್ತಿಲ್ಲವೋ ಎಂದು ಬೇರೆ ಮಾಡುವುದು ಹೇಗೆ? ಇಲ್ಲಿ ದೀನಬಂಧು ಮಾದರಿಯ ಒಂದು ಗುಣ ನಿಮ್ಮ ಸಹಾಯಕ್ಕೆ ಬರುತ್ತದೆ. ಇದು 1984ರಲ್ಲಿ ಬಂದ ಮಾದರಿ. ಮೇಲೇಳುವ ಕಬ್ಬಿಣದ ಡ್ರಮ್ ಇಲ್ಲ, ಎಲ್ಲ ಇಟ್ಟಿಗೆ-ಸಿಮೆಂಟು. ಗುಮ್ಮಟದಲ್ಲಿ ಗ್ಯಾಸ್ ತುಂಬಿದಂತೆ ಅದು ಸ್ಲರಿಯನ್ನು ಕೆಳಕ್ಕೆ ಒತ್ತುತ್ತದೆ. ಒತ್ತಿದ ಸ್ಲರಿ ಹೊರ ತೊಟ್ಟಿಗೆ ಏರುತ್ತದೆ. ಎಷ್ಟು ಗ್ಯಾಸ್ ಕೂಡಿತೋ ಹೆಚ್ಚುಕಡಿಮೆ ಅಷ್ಟೇ ಸ್ಲರಿ ಹೊರ ತೊಟ್ಟಿಯಲ್ಲಿ ಮೇಲೆ ಬರುತ್ತದೆ. ಅಂದರೆ ಆ ತೊಟ್ಟಿಯೇ ನಿಮ್ಮ ಗ್ಯಾಸ್ ಮೀಟರ್.

ಒಂದು ರಾತ್ರಿ ಹೀಗೆ ಮಾಡಿ. ಸಂಜೆ ಅಡುಗೆಯೆಲ್ಲ ಮುಗಿಸಿ ಗ್ಯಾಸ್ ಆದಷ್ಟು ಖಾಲಿ ಮಾಡಿ. 9 ಗಂಟೆಗೆ ಗುಮ್ಮಟದ ಮೇಲಿನ ಗೇಟ್ ವಾಲ್ವ್ ಬಿಗಿಯಾಗಿ ಮುಚ್ಚಿ. ತೊಟ್ಟಿಯ ಒಳಗೋಡೆಯಲ್ಲಿ ಸ್ಲರಿ ಎಲ್ಲಿದೆಯೋ ಅಲ್ಲಿಗೆ ಒಂದು ಗೆರೆ ಎಳೆಯಿರಿ. ಹಸಿ ಗೋಡೆಗೆ ಸೀಮೆಸುಣ್ಣ ನಿಲ್ಲದು. ಒಂದು ಕೋಲಿಗೆ ಟೇಪ್ ಕಟ್ಟಿ ನಿಲ್ಲಿಸಿದರೂ ಆದೀತು. ಆಮೇಲೆ 11ಕ್ಕೆ, 1ಕ್ಕೆ, 3ಕ್ಕೆ, 5ಕ್ಕೆ ಎಷ್ಟು ಏರಿದೆ ಎಂದು ಬರೆದಿಡಿ. ಆ ರಾತ್ರಿ ಸಗಣಿ ಹಾಕಬಾರದು, ಕೊಟ್ಟಿಗೆ ತೊಳೆದ ನೀರೂ ಒಳಗೆ ಹೋಗಬಾರದು. ನಿದ್ದೆ ಕೆಡುತ್ತದೆ ನಿಜ, ಆದರೆ ಒಂದೇ ರಾತ್ರಿ.

ನಿಮ್ಮ ತೊಟ್ಟಿಯ ಅಳತೆ 2.5 ಗುಣಿಸು 1.5, ಅಂದರೆ 3.75 ಚದರ ಮೀಟರ್. ಬೆಳಗ್ಗೆ 5ಕ್ಕೆ ಸ್ಲರಿ 80 ಸೆಂಟಿಮೀಟರ್ ಏರಿದ್ದರೆ ಎಂಟು ತಾಸಿಗೆ 3 ಘನ ಮೀಟರ್ ಕೂಡಿದೆ. ದಿನಕ್ಕೆ 9 ಆಯಿತು. ಗ್ಯಾಸ್ ಚೆನ್ನಾಗಿಯೇ ಹುಟ್ಟುತ್ತಿದೆ, ಗುಮ್ಮಟವೂ ಗಟ್ಟಿಯಿದೆ. ಹಾಗಿದ್ದರೆ ಸೋರಿಕೆ ವಾಲ್ವಿನಿಂದ ಒಲೆಯವರೆಗಿನ ಪೈಪಿನಲ್ಲಿ ಎಲ್ಲೋ ಇದೆ. ಸೋಪಿನ ನೀರು ಹಚ್ಚಿ ಗಂಟು ಗಂಟು ನೋಡಿ, ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ನೋಡುವ ಚಾಳಿ ಮಾತ್ರ ಬೇಡ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡ ಬೆರೆತರೆ ಸಿಡಿಯುತ್ತದೆ.

80 ಏರಲಿಲ್ಲ ಎಂದಿಟ್ಟುಕೊಳ್ಳಿ. ಆಗ ಎರಡೆರಡು ತಾಸಿನ ಅಂಕಿ ನೋಡಿ, ಉತ್ತರ ಅಲ್ಲೇ ಇದೆ. ಮೊದಲ ಎರಡು ತಾಸಿಗೆ 18 ಸೆಂಟಿಮೀಟರ್ ಏರಿತು, ಮುಂದಿನ ಎರಡಕ್ಕೆ 10, ಆಮೇಲೆ 3, ಆಮೇಲೆ ನಿಂತೇ ಹೋಯಿತು. ಹೀಗಾದರೆ ಗುಮ್ಮಟ ಸೋರುತ್ತಿದೆ. ಗ್ಯಾಸ್ ಕೂಡಿದಂತೆ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ಬಿರುಕಿನಿಂದ ಜಾಸ್ತಿ ಹೋಗುತ್ತದೆ. ಹುಟ್ಟುವಷ್ಟೂ ಸೋರುವ ಹಂತಕ್ಕೆ ಬಂದಾಗ ಸ್ಲರಿ ನಿಲ್ಲುತ್ತದೆ. ಹಾಗಲ್ಲದೆ ಎರಡು ತಾಸಿಗೊಮ್ಮೆ 7, 7, 6, 7 ಎಂದು ನಿಧಾನಕ್ಕೆ, ಆದರೆ ಸಮನಾಗಿ ಏರುತ್ತಿದ್ದರೆ ಗುಮ್ಮಟದಲ್ಲಿ ತೊಂದರೆ ಇಲ್ಲ, ಗ್ಯಾಸೇ ಕಡಿಮೆ ಹುಟ್ಟುತ್ತಿದೆ. ತೀರಾ ಸಣ್ಣ ಬಿರುಕು ಈ ಪರೀಕ್ಷೆಗೆ ಸಿಗದೆಯೂ ಇರಬಹುದು. ಸಾವಿರಾರು ರೂಪಾಯಿಯ ಕೈ ಮೀಟರ್ ಈ ಎರಡನ್ನು ಬೇರೆ ಮಾಡಿ ತೋರಿಸಲಾರದು.

ನಿಮ್ಮ ಪತ್ರ ಓದಿದರೆ ನನಗೆ ಎರಡರ ಮೇಲೂ ಅನುಮಾನ. ಮೊದಲನೆಯದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಗುಂಡಿ ತೋಡಿದ ಅದೇ ಮಣ್ಣನ್ನು ಗುಮ್ಮಟದ ಸುತ್ತ ತುಂಬಿದ್ದರೆ ವರ್ಷಾವರ್ಷ ಅದನ್ನು ಎಳೆದು ನೂಕುತ್ತಿರುತ್ತದೆ. ಗರಸು ತುಂಬಬೇಕಿತ್ತು. ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗಿದ್ದರೆ ಚಳಿಗೆ ಸೂಕ್ಷ್ಮಾಣುಗಳು ಮಂಕಾದವು ಎನ್ನಬಹುದಿತ್ತು. ಬೇಸಿಗೆಯಲ್ಲಿ ಗ್ಯಾಸ್ ಹೆಚ್ಚಾಗಬೇಕು. ನಿಮ್ಮಲ್ಲಿ ಬೇಸಿಗೆಗೇ ಕಡಿಮೆಯಾಗಿದೆ. ಗುಮ್ಮಟದ ತುದಿಯಲ್ಲಿ ಪೈಪ್ ಹೊರಬರುವ ಕುತ್ತಿಗೆಯ ಸುತ್ತ ಮಣ್ಣು ಸರಿಸಿ, ಹಸಿಮಣ್ಣಿನಿಂದ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಬೆಳಗಿನ ಜಾವ ಒತ್ತಡ ಜಾಸ್ತಿ ಇದ್ದಾಗ ನೋಡಿ. ಅಕ್ಕಿಕಾಳಿನಂಥ ಗುಳ್ಳೆ ಒಂದೇ ಜಾಗದಿಂದ ಸಾಲಾಗಿ ಏಳುತ್ತಿದ್ದರೆ ಬಿರುಕು ಅಲ್ಲೇ.

ಎರಡನೆಯದು ಕೊಟ್ಟಿಗೆ ತೊಳೆದ ನೀರು. ಇದನ್ನು ಜನ ಸೋರಿಕೆ ಎಂದು ಎಣಿಸುವುದೇ ಇಲ್ಲ. 270 ಕೆಜಿ ಸಗಣಿಗೆ ಅಷ್ಟೇ ನೀರು ಹಾಕಿದರೆ ದಿನಕ್ಕೆ 540 ಲೀಟರ್. 40 ದಿನ ಒಳಗಿರಬೇಕು ಎಂಬ ಲೆಕ್ಕಕ್ಕೆ ಸುಮಾರು 21,600 ಲೀಟರಿನ ಗುಂಡಿ ಬೇಕು. ಮೋಟರ್ ಪೈಪ್ ಹಿಡಿದು ತೊಳೆದ 500 ಲೀಟರ್ ನೀರೂ ಒಳಗೆ ಹೋದರೆ ಅದೇ ಗುಂಡಿಯಲ್ಲಿ ಸಗಣಿ 21 ದಿನವೂ ನಿಲ್ಲದು. ಅರ್ಧ ಜೀರ್ಣವಾದ ಸ್ಲರಿ ಹೊರಗೆ ಬೀಳುತ್ತದೆ. ಉಳಿದರ್ಧ ಎಲ್ಲಿ ಜೀರ್ಣವಾಗುತ್ತದೆ? ಹೊರಗಿನ ಸ್ಲರಿ ಗುಂಡಿಯಲ್ಲಿ. ಒಲೆಗೆ ಬರಬೇಕಾದ ಮೀಥೇನ್ ಬಯಲಲ್ಲಿ ಹುಟ್ಟಿ ಗಾಳಿಗೆ ಹೋಗುತ್ತದೆ. ಯುರೋಪಿನಲ್ಲೂ ಮುಚ್ಚಳವಿಲ್ಲದ ಸ್ಲರಿ ಗುಂಡಿಗಳು ದೊಡ್ಡ ಮೂಲಗಳಲ್ಲಿ ಒಂದು. ಆ ಸೇಲ್ಸ್‌ನವರ ಮೀಟರ್ ಕೂಗಿದ್ದೂ ಬಹುಶಃ ಇದಕ್ಕೇ.

ಇದನ್ನು ಪರೀಕ್ಷಿಸಲು ಎರಡು ಒಂದು ಲೀಟರಿನ ನೀರಿನ ಬಾಟಲಿ, ಎರಡು ಬಲೂನ್ ಸಾಕು. ಒಂದಕ್ಕೆ ಮುಕ್ಕಾಲು ಭಾಗ ಹೊರಬಂದ ಸ್ಲರಿ ತುಂಬಿ. ಇನ್ನೊಂದಕ್ಕೆ ಅದೇ ಸ್ಲರಿ ಅರ್ಧದಷ್ಟು, ಮೇಲೆ ಕಾಲು ಭಾಗ ಹಸಿ ಸಗಣಿ ಬಗ್ಗಡ. ಬಾಯಿಗೆ ಬಲೂನ್ ಹಾಕಿ ದಾರ ಬಿಗಿದು ಬೆಚ್ಚಗಿನ ನೆರಳಲ್ಲಿ ಹತ್ತು ದಿನ ಇಡಿ. ಹಸಿ ಸಗಣಿ ಇರುವ ಬಲೂನ್ ಉಬ್ಬುವುದು ಸಹಜ. ಬರೀ ಸ್ಲರಿಯದೂ ಅದಕ್ಕೆ ಸರಿಗಟ್ಟುವ ಹಾಗೆ ಉಬ್ಬಿದರೆ ನಿಮ್ಮ ಗ್ಯಾಸ್ ಗುಂಡಿಗೆ ಹೋಗುತ್ತಿದೆ ಎಂದು ತಿಳಿಯಿರಿ. ಜೀರ್ಣವಾದ ಸ್ಲರಿಗೆ ಹಸಿ ಸಗಣಿ ವಾಸನೆಯೂ ಇರಬಾರದು. ಪರಿಹಾರ ಸುಲಭ: ಕೊಟ್ಟಿಗೆಯನ್ನು ಮೊದಲು ಸಲಿಕೆಯಿಂದ ಬಾಚಿ, ತೊಳೆದ ನೀರನ್ನು ಬೇರೆ ಕಾಲುವೆಯಲ್ಲಿ ಮೇವಿನ ಬೆಳೆಗೆ ಬಿಡಿ.

ಈಗ ಮಗನ ಮಾತಿಗೆ ಬರೋಣ. ಬಿರುಕು ಮುಚ್ಚಿದಿರಿ, ನೀರು ಬೇರೆ ಮಾಡಿದಿರಿ ಎಂದುಕೊಳ್ಳಿ. ದಿನಕ್ಕೆ ಹತ್ತು ಘನ ಮೀಟರ್ ಬರತೊಡಗಿತು. ನೀವು ಉರಿಸುವುದು ಎರಡೂವರೆ. ಉಳಿದ ಏಳೂವರೆ? ದೀನಬಂಧು ಗುಮ್ಮಟದಲ್ಲಿ ನಿಲ್ಲುವುದು ದಿನದ ಗ್ಯಾಸ್‌ನ ಮೂರನೇ ಒಂದು ಪಾಲು ಮಾತ್ರ. ಎಂಟು ತಾಸು ಒಲೆ ಹಚ್ಚದಿದ್ದರೆ ಅದು ತುಂಬಿತು. ಆಮೇಲೆ ಹುಟ್ಟಿದ್ದೆಲ್ಲ ಹೊರ ತೊಟ್ಟಿಯ ಕಡೆಯಿಂದ ಬುಳುಬುಳು ಎಂದು ಆಕಾಶಕ್ಕೆ ಹೋಗುತ್ತದೆ. ಯಾವ ಬಿರುಕೂ ಬೇಕಿಲ್ಲ. ಮನೆಮಂದಿ ಎಲ್ಲ ಎರಡು ದಿನ ಮದುವೆಗೆ ಹೋದರೆ ಎರಡು ದಿನದ ಗ್ಯಾಸೂ ಹೋಯಿತು.

ಏಳೂವರೆ ಘನ ಮೀಟರ್‌ನಲ್ಲಿ 60 ಶೇಕಡ ಮೀಥೇನ್ ಹಿಡಿದರೆ ತೂಕ ಸುಮಾರು 2.9 ಕೆಜಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಇಪ್ಪತ್ತು ವರ್ಷದ ಲೆಕ್ಕಕ್ಕೆ 80ರ ಆಸುಪಾಸು. ಕಡಿಮೆಯದನ್ನೇ ಹಿಡಿದರೂ ದಿನಕ್ಕೆ 80 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಟ್ರ್ಯಾಕ್ಟರಿಗೆ 30 ಲೀಟರ್ ಡೀಸೆಲ್ ಹಾಕಿ ಸುಟ್ಟರೆ ಇಷ್ಟು ಬರುತ್ತದೆ. ದಿನಾ.

ತಿಪ್ಪೆಯಲ್ಲಿ ಗಾಳಿಯಾಡುವುದರಿಂದ ಅಷ್ಟು ಮೀಥೇನ್ ಹುಟ್ಟುವುದಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಬೆಚ್ಚಗಿನ ಪ್ರದೇಶದ ತಿಪ್ಪೆಗೆ ಸಗಣಿಯಿಂದ ಹುಟ್ಟಬಹುದಾದ ಒಟ್ಟು ಮೀಥೇನ್‌ನ 5 ಶೇಕಡ ಎಂದಿದೆ. ಹಾಗಾಗಿ ಮುಕ್ಕಾಲು ಗ್ಯಾಸ್ ಬಯಲಿಗೆ ಬಿಡುವ ಗೋಬರ್ ಗ್ಯಾಸ್‌ಗಿಂತ ತಿಪ್ಪೆ ವಾಸಿ, ಮಗ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ಹುಟ್ಟಿದ ಗ್ಯಾಸನ್ನೆಲ್ಲ ಉರಿಸಿದರೆ ಲೆಕ್ಕ ತಿರುಗುತ್ತದೆ. ಸಿಲಿಂಡರ್ ಉಳಿಯುತ್ತದೆ, ಕಟ್ಟಿಗೆ ಉಳಿಯುತ್ತದೆ, ಸ್ಲರಿ ಗೊಬ್ಬರವೂ ಸಿಗುತ್ತದೆ. ತಪ್ಪು ಇರುವುದು ಗೋಬರ್ ಗ್ಯಾಸ್‌ನಲ್ಲಲ್ಲ, ದನದ ಎಣಿಕೆ ನೋಡಿ ಗುಮ್ಮಟ ಕಟ್ಟಿ ಒಲೆಯ ಎಣಿಕೆ ಮರೆತದ್ದರಲ್ಲಿ. ಸಗಣಿ ಇದೆಯಲ್ಲ, ದೊಡ್ಡದೇ ಇರಲಿ ಎಂದು ಕಟ್ಟಿಸುವುದು ನಮ್ಮ ಕಡೆ ಮಾಮೂಲು.

ನಿಮಗೆ ಎರಡು ದಾರಿ. ಬೇಕಾದಷ್ಟಕ್ಕೇ ಸಗಣಿ ಹಾಕಿ: ದಿನಕ್ಕೆ 75-80 ಕೆಜಿ, ಉಳಿದದ್ದು ತಿಪ್ಪೆಗೋ ಎರೆಹುಳು ಗೊಬ್ಬರಕ್ಕೋ. ಇಲ್ಲವೇ ಉಳಿದ ಗ್ಯಾಸಿಗೆ ಕೆಲಸ ಹುಡುಕಿ. ಏಳೂವರೆ ಘನ ಮೀಟರ್ ಎಂದರೆ ಸುಮಾರು 3.2 ಕೆಜಿ ಎಲ್‌ಪಿಜಿಗೆ ಸಮ, ನಾಲ್ಕೈದು ದಿನಕ್ಕೊಂದು ಸಿಲಿಂಡರ್. ಹಾಲು ನಿಮ್ಮಲ್ಲೇ ಇದೆ, ಪೇಡೆಯ ಊರು ಧಾರವಾಡ ಪಕ್ಕದಲ್ಲೇ ಇದೆ. ಖವಾ ಕಾಯಿಸಿ ಮಾರಬಹುದೇ ನೋಡಿ. ದಿನಾ ನಾಲ್ಕೈದು ತಾಸು ಒಲೆ ಉರಿಯುವ ಕೆಲಸ ಅದು. ಊರಿಗೆ ಹೋಗುವಾಗ ಎರಡು ದಿನ ಮುಂಚೆಯೇ ಸಗಣಿ ಕಡಿಮೆ ಮಾಡಿ.

ಕಾರ್ಬನ್ ಕ್ರೆಡಿಟ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಸಣ್ಣ ಸ್ಥಾವರಗಳನ್ನು ನೂರಾರು ಸೇರಿಸಿ ಒಂದು ಯೋಜನೆ ಮಾಡಿದರೆ ಮಾತ್ರ ಅದಕ್ಕೆ ಅರ್ಥ. ಅಲ್ಲಿಯೂ ಸೋರಿಕೆಯನ್ನು ಮನೆಮನೆಗೆ ಅಳೆಯುವುದು ಅಪರೂಪ. ಸಗಣಿ ಸ್ಥಾವರಗಳಿಗೆ ಸಿಡಿಎಂ (ವಿಶ್ವಸಂಸ್ಥೆಯ ಹಳೆಯ ಕಾರ್ಬನ್ ಕ್ರೆಡಿಟ್ ವ್ಯವಸ್ಥೆ) ಪದ್ಧತಿಯಲ್ಲಿ ಹುಟ್ಟಬಹುದಾದ ಒಟ್ಟು ಮೀಥೇನ್‌ನ 10 ಶೇಕಡ ಸೋರಿತು ಎಂದು ಸೀದಾ ಕಳೆದುಬಿಡುತ್ತಿದ್ದರು. ಒಬ್ಬರ ಮನೆಯ ಕೈ ಮೀಟರ್ ನೋಡಿ ಯಾರೂ ದುಡ್ಡು ಕೊಡುವುದಿಲ್ಲ.

ಮೀಟರ್‌ಗೆಂದು ದುಡ್ಡು ತೆಗೆದಿಟ್ಟಿದ್ದರೆ ಅಡುಗೆಮನೆಗೆ ಒಂದು ಮೀಥೇನ್ ಅಲಾರಂ ಹಾಕಿಸಿ. ಎಲ್‌ಪಿಜಿ ಭಾರ, ನೆಲಕ್ಕೆ ಇಳಿಯುತ್ತದೆ. ಮೀಥೇನ್ ಹಗುರ, ಮೇಲೆ ಕೂಡುತ್ತದೆ. ಆದ್ದರಿಂದ ಅಲಾರಂ ಚಾವಣಿಯ ಹತ್ತಿರ ಇರಬೇಕು.

ಬಿರುಕು ಕುತ್ತಿಗೆಯ ಹೊರಗಡೆ ಇದ್ದರೆ ಗ್ಯಾಸ್ ಖಾಲಿ ಮಾಡಿ ಹೊರಗಿನಿಂದಲೇ ಕೆತ್ತಿ ಸಿಮೆಂಟ್ ಹಾಕಬಹುದು. ಒಳಗೋಡೆಗೆ ಮತ್ತೆ ಸಿಮೆಂಟ್ ತಿಳಿ, ಪೇಂಟ್ ಬೇಕಾದರೆ ಪೂರ್ತಿ ಖಾಲಿ ಮಾಡಬೇಕು. ಆಗ ಮನೆಯವರಾಗಲಿ, ಕೂಲಿಯವರಾಗಲಿ ಸುಮ್ನೆ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ನಿಲ್ಲುತ್ತದೆ, ಸ್ಲರಿ ಕಲಕಿದಾಗ ಮತ್ತೆ ಹೊರಡುತ್ತದೆ. ಸುಮಾರು 100 ಪಿಪಿಎಂ ಆದರೆ ಮೂಗಿಗೇ ವಾಸನೆ ತಿಳಿಯದಂತೆ ಮಾಡುತ್ತದೆ. ‘ವಾಸನೆ ಹೋಯ್ತು, ಇಳಿಯಬಹುದು’ ಎಂದುಕೊಂಡವರು, ಅವರನ್ನು ಎತ್ತಲು ಇಳಿದವರು, ಇಬ್ಬರೂ ಸತ್ತ ಘಟನೆಗಳು ಎಷ್ಟೋ ಇವೆ. ಬ್ಲೋವರ್‌ನಿಂದ ಗಾಳಿ ತುಂಬುವ, ಗ್ಯಾಸ್ ಪರೀಕ್ಷಿಸುವ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರನ್ನು ನಿಲ್ಲಿಸುವ ಅನುಭವಸ್ಥ ಮೇಸ್ತ್ರಿಗೇ ಕೆಲಸ ಕೊಡಿ. ಮುಂಗಾರು ಹಿಡಿಯುವ ಮುಂಚೆ ಮಾಡಿಸಿದರೆ ಪೇಂಟ್ ಒಣಗುತ್ತದೆ, ಸುತ್ತಲಿನ ಎರೆ ಮಣ್ಣು ತೆಗೆದು ಗರಸು ತುಂಬಲೂ ಆಗುತ್ತದೆ. ಮತ್ತೆ ಶುರು ಮಾಡುವಾಗ ನಡೆಯುತ್ತಿರುವ ಬೇರೊಂದು ಗೋಬರ್ ಗ್ಯಾಸ್‌ನಿಂದ ನಾಲ್ಕೈದು ಬ್ಯಾರೆಲ್ ಸ್ಲರಿ ತಂದು ಹೆಪ್ಪು ಹಾಕಿ. ಆ ಬೇಸಿಗೆ ಬಿಸಿಗೆ ಗ್ಯಾಸ್ ಬೇಗ ಹಿಡಿಯುತ್ತದೆ.